ಕೆನೆತ್ ಆಂಡರ್ಸನ್

ಕೆನೆತ್ ಡಗ್ಲಾಸ್ ಸ್ಟುವರ್ಟ್ ಆಂಡರ್ಸನ್ (8 ಮಾರ್ಚ್ 1910 – 30 ಆಗಸ್ಟ್ 1974) ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರರು ಹಾಗೂ ಇಂಗ್ಲಿಷ್ ಲೇಖಕರು. ದಕ್ಷಿಣ ಭಾರತದ ಕಾಡುಗಳಲ್ಲಿ ನರಭಕ್ಷಕ ಹುಲಿ ಮತ್ತು ಚಿರತೆಗಳನ್ನು ಬೆನ್ನಟ್ಟಿದ ತಮ್ಮ ಅನುಭವಗಳನ್ನು ಅವರು ಪುಸ್ತಕಗಳಾಗಿ ಬರೆದರು. ಕನ್ನಡದ ಓದುಗರಿಗೆ ಅವರು ಮುಖ್ಯವಾಗಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಮಾಲಿಕೆಯ ಮೂಲಕ ಪರಿಚಿತರು. ಉತ್ತರ ಭಾರತದ ಕುಮಾವೂಂ ಪ್ರದೇಶದಲ್ಲಿ ಜಿಮ್ ಕಾರ್ಬೆಟ್ ಅವರಿಗೆ ಇರುವ ಸ್ಥಾನವನ್ನು ದಕ್ಷಿಣದಲ್ಲಿ ಆಂಡರ್ಸನ್ ಅವರಿಗೆ ಕೊಡುವುದು ವಾಡಿಕೆ. ಆದರೆ ಇಬ್ಬರ ಬದುಕಿನ ಸನ್ನಿವೇಶಗಳು ಬೇರೆ ಬೇರೆ. ಆಂಡರ್ಸನ್ ಸಂಬಳದ ನೌಕರಿಯನ್ನು ಮಾಡಿಕೊಂಡು, ರಜೆಯ ದಿನಗಳಲ್ಲಿ ಕಾಡಿಗೆ ಹೋಗುತ್ತಿದ್ದವರು. ಅವರ ಹೆಸರಿನೊಡನೆ ಸೇರಿಕೊಂಡಿರುವ .405 ವಿಂಚೆಸ್ಟರ್ ರೈಫಲ್ ಕೂಡ ರಾಜಮಹಾರಾಜರ ಆಯುಧವಾಗಿರದೆ ಮಧ್ಯಮ ವರ್ಗದವರ ಕೈಗೆ ಎಟುಕುವಂಥದ್ದಾಗಿತ್ತು.

ಜನನ ಮತ್ತು ವಿದ್ಯಾಭ್ಯಾಸ

ಆಂಡರ್ಸನ್ ಅವರು ಸಿಕಂದರಾಬಾದಿನ ಬೊಲಾರಂನಲ್ಲಿ ಜನಿಸಿದರು. ಅವರದು ಸ್ಕಾಟ್‌ಲೆಂಡ್ ಮೂಲದ, ಆರು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಕುಟುಂಬ. ತಂದೆ ಡಗ್ಲಾಸ್ ಸ್ಟುವರ್ಟ್ ಆಂಡರ್ಸನ್ ಅವರು ಸೈನಿಕರ ಸಂಬಳದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಗೌರವ ಕ್ಯಾಪ್ಟನ್ ಪದವಿಯನ್ನು ಹೊಂದಿದ್ದರು. ಕಾಡು ಮತ್ತು ಬೇಟೆಯ ಆಸಕ್ತಿ ಕೆನೆತ್ ಅವರಿಗೆ ತಂದೆಯಿಂದಲೇ ಬಂದದ್ದು.

ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆ ಮತ್ತು ಸೇಂಟ್ ಜೋಸೆಫ್ಸ್ ಕಾಲೇಜುಗಳಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಬಳಿಕ ಕಾನೂನು ಕಲಿಯಲೆಂದು ಅವರನ್ನು ಎಡಿನ್‌ಬರೊಗೆ ಕಳುಹಿಸಲಾಯಿತಾದರೂ, ಅವರು ಓದನ್ನು ಅರ್ಧಕ್ಕೇ ಬಿಟ್ಟು ಭಾರತಕ್ಕೆ ಮರಳಿದರು.

ವೃತ್ತಿ

ಹದಿನೈದು ವರ್ಷಗಳ ಕಾಲ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲಸ ಮಾಡಿದ ಆಂಡರ್ಸನ್, ಆನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸೇರಿದರು. ಈ ಕಾರ್ಖಾನೆಯೇ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಅಲ್ಲಿ ಅವರು ಯೋಜನಾ ವಿಭಾಗದ ಕಾರ್ಖಾನೆ ವ್ಯವಸ್ಥಾಪಕರ ಹುದ್ದೆಯವರೆಗೆ ಏರಿದರು. ಕರ್ನಾಟಕ, ಹೈದರಾಬಾದ್ ಮತ್ತು ತಮಿಳುನಾಡುಗಳಲ್ಲಿ ಒಟ್ಟು ಸುಮಾರು 200 ಎಕರೆ ಜಮೀನು ಅವರ ಹೆಸರಿನಲ್ಲಿತ್ತು. ಇದರಿಂದ ಅವರನ್ನು ಜಮೀನ್ದಾರರೆಂದು ಭಾವಿಸುವುದು ತಪ್ಪಾಗುತ್ತದೆ. ಅವರ ದಿನಚರಿಯನ್ನು ನಿರ್ಧರಿಸುತ್ತಿದ್ದುದು ಕಾರ್ಖಾನೆಯ ಕೆಲಸ. ನರಭಕ್ಷಕವೊಂದರ ಸುದ್ದಿ ಬಂದಾಗ ರಜೆ ಸಿಗುವುದೋ ಇಲ್ಲವೋ ಎಂಬುದು ಮೊದಲ ಪ್ರಶ್ನೆಯಾಗಿರುತ್ತಿತ್ತು. ಅವರ ಹಲವು ಕಥೆಗಳಲ್ಲಿ ರಜೆ ಮುಗಿಯುವುದರೊಳಗೆ ಪ್ರಾಣಿ ಸಿಗದೆ ಅವರು ಬೆಂಗಳೂರಿಗೆ ಹಿಂದಿರುಗುತ್ತಾರೆ. ಆ ಅವಧಿಯಲ್ಲಿ ಇನ್ನೊಬ್ಬರು ಬಲಿಯಾಗುತ್ತಾರೆ.

ಹೊಸೂರು ರಸ್ತೆ ಮತ್ತು ಗಡಿಯ ಕಾಡುಗಳು

ಆಂಡರ್ಸನ್ ಅವರ ಬರಹಗಳಲ್ಲಿ ಅತಿ ಹೆಚ್ಚು ಬಾರಿ ಕಾಣಿಸಿಕೊಳ್ಳುವ ಕಾಡು ಬೆಂಗಳೂರಿನ ದಕ್ಷಿಣಕ್ಕಿದೆ. ನಗರದಿಂದ ಹೊರಟ ಹೊಸೂರು ರಸ್ತೆಯು ಮಡಿವಾಳ, ಬೊಮ್ಮನಹಳ್ಳಿ, ಅತ್ತಿಬೆಲೆಗಳನ್ನು ದಾಟಿ ಹೊಸೂರನ್ನು ಸೇರುತ್ತದೆ. ಅಲ್ಲಿಂದ ಡೆಂಕಣಿಕೋಟೆ, ಅಂಚೆಟ್ಟಿಗಳಿಗೆ ದಾರಿ ಕವಲೊಡೆಯುತ್ತದೆ. ಆನೇಕಲ್ಲಿನ ಮೂಲಕ ಹೋದರೆ ತಳಿ ಮತ್ತು ಜವಳಗಿರಿ ಸಿಗುತ್ತವೆ. ಇಂದು ವಾಹನಗಳ ದಟ್ಟಣೆಗೆ ಹೆಸರಾಗಿರುವ ಮಡಿವಾಳ ಆಗ ಊರಿನ ಹೊರಗಿನ ಹಳ್ಳಿ. ಸೋಮೇಶ್ವರ ದೇವಾಲಯ, ದೊಡ್ಡ ಕೆರೆ ಮತ್ತು ಸುತ್ತಲಿನ ಹೊಲಗದ್ದೆಗಳನ್ನು ಬಿಟ್ಟರೆ ಅಲ್ಲಿ ಹೆಚ್ಚೇನೂ ಇರಲಿಲ್ಲ.

ಜವಳಗಿರಿ, ಗುಮ್ಮಳಾಪುರ, ಡೆಂಕಣಿಕೋಟೆ, ಅಂಚೆಟ್ಟಿಗಳು ಆಗ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿದ್ದವು. ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿವೆ. ಗಡಿ ಯಾವ ಕಡೆಗಿದ್ದರೂ ಈ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಮಾತನಾಡುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕನ್ನಡ ಮತ್ತು ತಮಿಳು ಎರಡರಲ್ಲೂ ವ್ಯವಹರಿಸಬಲ್ಲವರಾಗಿದ್ದ ಆಂಡರ್ಸನ್, ದುಭಾಷಿಯ ನೆರವಿಲ್ಲದೆ ದನಗಾಹಿಗಳೊಡನೆ, ಅರಣ್ಯದ ಕಾವಲುಗಾರರೊಡನೆ ಮಾತನಾಡಿ ಸುದ್ದಿ ಸಂಗ್ರಹಿಸುತ್ತಿದ್ದರು. ಡೆಂಕಣಿಕೋಟೆಯ ಪಶ್ಚಿಮಕ್ಕಿರುವ ಸಿವನಿಪಳ್ಳಿ ಎಂಬ ಪುಟ್ಟ ಹಳ್ಳಿ ಅವರಿಗೆ ಬಹಳ ಪ್ರಿಯವಾಗಿತ್ತು. ಅಲ್ಲಿನ ಕರಿ ಚಿರತೆಯ ಕಥೆಯೇ ಅವರ ಒಂದು ಪುಸ್ತಕಕ್ಕೆ ಹೆಸರನ್ನು ಕೊಟ್ಟಿದೆ.

ಪೆನ್ನಾಗರಂ ಕಡೆಯ ಕಾಡಿನಲ್ಲಿ ಚಿನ್ನಾರ್ ಹೊಳೆಯ ದಂಡೆಯ ಮೇಲೆ ಅವರಿಗೆ ಬೈರ ಎಂಬ ಪೂಜಾರಿ ಬುಡಕಟ್ಟಿನ ವ್ಯಕ್ತಿಯ ಪರಿಚಯವಾಯಿತು. ಕಾನೂನಿನ ಕಣ್ಣಿನಲ್ಲಿ ಬೈರ ಕಳ್ಳಬೇಟೆಗಾರ. ಆಂಡರ್ಸನ್ ಅವರಿಗೆ ಆತ ಜೀವನಪರ್ಯಂತದ ಗೆಳೆಯನೂ ಕಾಡಿನ ಗುರುವೂ ಆದನು. ಅವನ ಬಳಿಯಿದ್ದುದು ನಳಿಗೆಯ ಬಾಯಿಯಿಂದ ಮದ್ದು, ಚರೆ ತುಂಬುವ ಹಳೆಯ ನಾಡಕೋವಿ. ಈ ಕೋವಿ ಮತ್ತು ಆಂಡರ್ಸನ್ ಅವರ ವಿಂಚೆಸ್ಟರ್, ಇವೆರಡರ ನಡುವಿನ ಅಂತರದಲ್ಲೇ ಅವರ ಬಹಳಷ್ಟು ಕಥೆಗಳ ಮೂಲ ಅಡಗಿದೆ ಎಂಬುದನ್ನು ಮುಂದೆ ನೋಡಬಹುದು.

ರೈಫಲ್

ಆಂಡರ್ಸನ್ ಅವರ ಮುಖ್ಯ ಆಯುಧ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ, .405 ಕ್ಯಾಲಿಬರಿನ ರೈಫಲ್. ಅದರ ಜೊತೆಗೆ 12 ಬೋರಿನ ಬಂದೂಕೊಂದನ್ನೂ ಅವರು ಬಳಸುತ್ತಿದ್ದರು.

ಈ ಆಯ್ಕೆಯ ಅರ್ಥ ತಿಳಿಯಬೇಕಾದರೆ ಅಂದಿನ ಬೇಟೆಗಾರರ ಮುಂದೆ ಯಾವ ಯಾವ ಬಗೆಯ ರೈಫಲುಗಳಿದ್ದವು ಎಂಬುದನ್ನು ಗಮನಿಸಬೇಕು. ದೊಡ್ಡ ಪ್ರಾಣಿಗಳ ಬೇಟೆಗೆ ಶ್ರೇಷ್ಠವೆಂದು ಹೆಸರಾಗಿದ್ದುದು ಲಂಡನ್ನಿನ ತಯಾರಕರ ಜೋಡುನಳಿಗೆಯ ರೈಫಲ್. ಎರಡು ನಳಿಗೆಗಳಿಂದ ಹೊರಟ ಗುಂಡುಗಳು ಒಂದೇ ಗುರಿಯನ್ನು ಮುಟ್ಟುವಂತೆ ನಳಿಗೆಗಳನ್ನು ಕೈಯಿಂದಲೇ ಹೊಂದಿಸಿ, ಹಾರಿಸಿ ನೋಡಿ, ಮತ್ತೆ ಹೊಂದಿಸಬೇಕು. ನುರಿತ ಕುಶಲಕರ್ಮಿಯ ಈ ಶ್ರಮದಿಂದಾಗಿ ಅದರ ಬೆಲೆ ಮಹಾರಾಜರಿಗೂ ದೊಡ್ಡ ಅಧಿಕಾರಿಗಳಿಗೂ ಮಾತ್ರ ನಿಲುಕುವಂತಿತ್ತು. ಎರಡನೆಯ ಗುಂಡು ತಡವಿಲ್ಲದೆ ಸಿದ್ಧವಿರುತ್ತದೆ ಎಂಬುದು ಅದರ ಹೆಚ್ಚುಗಾರಿಕೆ.

ಕಡಿಮೆ ಹಣವುಳ್ಳವರು ಸಾಮಾನ್ಯವಾಗಿ ಕೊಳ್ಳುತ್ತಿದ್ದುದು ಬೋಲ್ಟ್ ರೈಫಲ್. ಜರ್ಮನಿಯ ಮಾಸರ್ ಕಾರ್ಖಾನೆಯ 1898ರ ವಿನ್ಯಾಸ ಇದಕ್ಕೆ ಮಾದರಿಯಾಯಿತು. ಬೋಲ್ಟಿನ ಹಿಡಿಕೆಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಗಿಳಿಸಿದರೆ ಹೊಸ ತೋಟಾ ನಳಿಗೆಯ ಹಿಂಬದಿಯಲ್ಲಿ ಕುಳಿತು, ಬೋಲ್ಟಿನ ಗಟ್ಟಿಯಾದ ಕಿವಿಗಳು ಬೀಗದಂತೆ ಕಚ್ಚಿಕೊಳ್ಳುತ್ತವೆ. ಬಿಡಿಭಾಗಗಳು ಕಡಿಮೆ, ಕೆಡುವುದು ಅಪರೂಪ, ಬಿಚ್ಚಿ ಒರೆಸುವುದು ಸುಲಭ. ಮಳೆಗಾಲದ ಮಲೆನಾಡಿನಲ್ಲಿ ತುಕ್ಕಿನೊಡನೆ ಹೋರಾಡುವವರಿಗೆ ಈ ಕೊನೆಯ ಗುಣ ಸಣ್ಣದಲ್ಲ. ಸೈನ್ಯಗಳಿಗಾಗಿ ಲಕ್ಷಗಟ್ಟಲೆ ತಯಾರಾದ ವಿನ್ಯಾಸವಾದ್ದರಿಂದ ಬೆಲೆಯೂ ಇಳಿಯಿತು. ತೋಟಾ ಬಿಗಿಯಾಗಿ ಕುಳಿತುಕೊಳ್ಳುವುದರಿಂದ ಮತ್ತು ಮರದ ಹಿಡಿ ಒಂದೇ ತುಂಡಿನದಾಗಿರುವುದರಿಂದ ಗುರಿ ನಿಖರವಾಗಿರುತ್ತದೆ. ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಇಂದಿಗೂ .22 ಕ್ಯಾಲಿಬರಿನ ಬೋಲ್ಟ್ ರೈಫಲುಗಳೇ ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಕಾರ್ಬೆಟ್ ಅವರಿಗೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿಯೂ ಮಾಸರ್ ಬೋಲ್ಟಿನದೇ.

ಭಾರತದಲ್ಲಿ ಆಯ್ಕೆಗೆ ಮತ್ತೊಂದು ಕಟ್ಟುಪಾಡು ಇತ್ತು. ಸೈನ್ಯ ಬಳಸುವ ಕ್ಯಾಲಿಬರುಗಳು ಖಾಸಗಿಯವರ ಕೈಗೆ ಸಿಗದಂತೆ ಬ್ರಿಟಿಷ್ ಸರ್ಕಾರ ನಿರ್ಬಂಧಿಸಿತು. 20ನೆಯ ಶತಮಾನದ ಆರಂಭದಲ್ಲಿ .450 ಕ್ಯಾಲಿಬರಿಗೆ ತಡೆಯೊಡ್ಡಿದ್ದರಿಂದ ಲಂಡನ್ನಿನ ತಯಾರಕರು .465, .470 ಮುಂತಾದ ಹೊಸ ಅಳತೆಗಳನ್ನು ಹುಟ್ಟುಹಾಕಬೇಕಾಯಿತು. ಸೈನ್ಯದ .303 ಲೀ-ಎನ್‌ಫೀಲ್ಡ್ ಎಲ್ಲಕ್ಕಿಂತ ಸುಲಭವಾಗಿ ಒದಗಬಹುದಾಗಿದ್ದ ಬೋಲ್ಟ್ ರೈಫಲಾಗಿದ್ದರೂ ನಾಗರಿಕರಿಗೆ ನಿಷಿದ್ಧವಾಗಿತ್ತು. ಸ್ವಾತಂತ್ರ್ಯಾನಂತರ ಸರ್ಕಾರಿ ಆಯುಧ ಕಾರ್ಖಾನೆಗಳು ನಾಗರಿಕರಿಗಾಗಿ .315 ಕ್ಯಾಲಿಬರಿನ ಬೋಲ್ಟ್ ರೈಫಲನ್ನು ತಯಾರಿಸುತ್ತಿರುವುದಕ್ಕೂ ಮೂಲ ಈ ನಿರ್ಬಂಧವೇ. (ಕರ್ನಾಟಕದಲ್ಲಿ ಇದಕ್ಕೆಲ್ಲ ಹೊರತಾದ ಒಂದು ಸಂಪ್ರದಾಯವಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದ್ದು, ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಈಗಲೂ ನಡೆಯುತ್ತದೆ. ಬೆಂಗಳೂರಿನ ನಿವಾಸಿಯಾದ ಆಂಡರ್ಸನ್ ಅವರಿಗೆ ಆ ಸೌಲಭ್ಯವಿರಲಿಲ್ಲ.)

.405 ವಿಂಚೆಸ್ಟರ್ ಇವೆರಡೂ ವರ್ಗಗಳಿಗೆ ಸೇರಿದ್ದಲ್ಲ. ಅಮೆರಿಕದ ಜಾನ್ ಮೋಸಸ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಅದು ಲಿವರ್ ರೈಫಲ್. ಕುದುರೆಯ ಸುತ್ತಲಿನ ಕೊಂಡಿಯನ್ನೇ ಕೆಳಕ್ಕೂ ಮೇಲಕ್ಕೂ ಆಡಿಸಿ ತೋಟಾ ಬದಲಾಯಿಸಬೇಕು. ಹಿಂದಿನ ವಿಂಚೆಸ್ಟರುಗಳಲ್ಲಿ ತೋಟಾಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿರುತ್ತಿದ್ದವು. ಮೊನಚಾದ ಗುಂಡು ಮುಂದಿನ ತೋಟಾದ ಕೇಪಿಗೆ ಒತ್ತಿ ಸಿಡಿಯುವ ಅಪಾಯವಿತ್ತು. 1895ರ ಮಾದರಿಯಲ್ಲಿ ಪೆಟ್ಟಿಗೆಯಾಕಾರದ ಮ್ಯಾಗಜಿನ್ ಬಂದು ಆ ತೊಂದರೆ ನಿವಾರಣೆಯಾಯಿತು. .405 ತೋಟಾ 1904ರಲ್ಲಿ ಬಳಕೆಗೆ ಬಂತು. ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ಅಮೆರಿಕದ ಅಧ್ಯಕ್ಷ ಪದವಿಯಿಂದ ನಿವೃತ್ತರಾದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಇದನ್ನೇ ಒಯ್ದು ಸಿಂಹಗಳ ಮೇಲೆ ಪ್ರಯೋಗಿಸಿದ್ದರಿಂದ ಅದಕ್ಕೆ ಖ್ಯಾತಿ ದೊರೆಯಿತು.

ಈ ರೈಫಲಿನ ದೋಷಗಳೂ ಪ್ರಸಿದ್ಧವೇ. ದಪ್ಪನಾದ, ತೂಕದ ಗುಂಡು ದೂರ ಹೋದಂತೆ ಬೇಗನೆ ಕೆಳಗಿಳಿಯುತ್ತದೆ. ಹೀಗಾಗಿ ದೂರದ ಗುರಿಗೆ ಅದು ಹೇಳಿಸಿದ್ದಲ್ಲ. ಆನೆ, ಕಾಟಿಗಳಂಥ ದಪ್ಪ ಎಲುಬಿನ ಪ್ರಾಣಿಗಳಿಗೆ ಅದರ ನುಗ್ಗುವ ಶಕ್ತಿ ಸಾಲದೆಂಬ ಅಭಿಪ್ರಾಯ ಅನೇಕ ಬೇಟೆಗಾರರಲ್ಲಿತ್ತು. ಭುಜಕ್ಕೆ ಬೀಳುವ ಒದೆತವಂತೂ ಕಟುವಾದದ್ದು. ನೆಲಕ್ಕೊರಗಿ ಮಲಗಿರುವಾಗ ಲಿವರನ್ನು ಕೆಳಗಿಳಿಸಲು ಜಾಗವಿರುವುದಿಲ್ಲ; ಆ ಸ್ಥಿತಿಯಲ್ಲಿ ಬೋಲ್ಟ್ ರೈಫಲೇ ಅನುಕೂಲ. ದೂರದ ಗುರಿಯೋ ಸ್ಪರ್ಧೆಯೋ ಉದ್ದೇಶವಾಗಿದ್ದರೆ ಅಷ್ಟೇ ಹಣಕ್ಕೆ ಮಾಸರ್ ಬೋಲ್ಟಿನ ರೈಫಲೊಂದನ್ನು ಕೊಳ್ಳುವುದು ನಿಸ್ಸಂದೇಹವಾಗಿ ಉತ್ತಮವಾಗಿತ್ತು.

ಆಂಡರ್ಸನ್ ಅವರ ಬೇಟೆಯ ರೀತಿ ಮಾತ್ರ ಬೇರೆಯೇ ಆಗಿತ್ತು. ಅವರು ಹುಲಿ, ಚಿರತೆಗಳನ್ನು ಎದುರುಗೊಂಡದ್ದು ಬಹುಪಾಲು ರಾತ್ರಿಯಲ್ಲಿ, ಕೆಲವೇ ಗಜಗಳ ಅಂತರದಲ್ಲಿ. ನಳಿಗೆಗೆ ಟಾರ್ಚೊಂದನ್ನು ಬಿಗಿದು, ಬೆಳಕು ಬಿದ್ದ ಕ್ಷಣದಲ್ಲಿ ಹೊಡೆಯುವುದು ಅವರ ಪದ್ಧತಿ. ಅಂಥ ಅಂತರದಲ್ಲಿ 300 ಗ್ರೇನ್ ಗುಂಡಿನ ಹೊಡೆತ ಹುಲಿಗೆ ಧಾರಾಳವಾಗಿ ಸಾಕು. ರೈಫಲನ್ನು ಭುಜದಿಂದ ಇಳಿಸದೆಯೇ ಲಿವರಿನಿಂದ ಎರಡನೆಯ ಗುಂಡನ್ನು ಸಿದ್ಧಪಡಿಸಬಹುದಾಗಿತ್ತು. ಜೋಡುನಳಿಗೆಯವರಿಗೆ ಇಲ್ಲದ ಮೂರನೆಯ ಮತ್ತು ನಾಲ್ಕನೆಯ ಗುಂಡುಗಳೂ ಅವರ ಬಳಿಯಿದ್ದವು. ಅವರು ಆಯುಧಗಳನ್ನು ಬದಲಾಯಿಸುತ್ತ ಹೋಗದೆ ಒಂದನ್ನೇ ದಶಕಗಳ ಕಾಲ ಬಳಸಿದ್ದರಿಂದ, ಕತ್ತಲಿನಲ್ಲಿ ನೋಡದೆಯೇ ಅದನ್ನು ನಡೆಸುವ ಅಭ್ಯಾಸ ಕೈಗೆ ಬಂದಿತ್ತು.

ನಾಡಕೋವಿ ಮತ್ತು ನರಭಕ್ಷಕಗಳು

ಅಗ್ಗದ ಆಯುಧ ಮತ್ತು ಸಾಲದ ಆಯುಧ ಎರಡೂ ಒಂದೇ ಅಲ್ಲವೆಂಬುದು ಆಂಡರ್ಸನ್ ಅವರ ಕಥೆಗಳನ್ನು ಓದುವಾಗ ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆ. ಹುಲಿಯಾಗಲಿ ಚಿರತೆಯಾಗಲಿ ಹುಟ್ಟಿನಿಂದ ಮನುಷ್ಯರನ್ನು ತಿನ್ನುವುದಿಲ್ಲ. ಗಾಯ, ಮುಪ್ಪು ಅಥವಾ ಅಂಗವೈಕಲ್ಯದಿಂದ ಸಹಜ ಬೇಟೆಯನ್ನು ಹಿಡಿಯಲಾಗದೆ ಹೋದಾಗ ಆ ದಾರಿಯನ್ನು ಹಿಡಿಯುತ್ತದೆ ಎಂದು ಅವರು ತಮ್ಮ ಪುಸ್ತಕಗಳಲ್ಲಿ ಹಲವೆಡೆ ವಿವರಿಸಿದ್ದಾರೆ. ಆ ಗಾಯಗಳಲ್ಲಿ ಒಳ್ಳೆಯ ಪಾಲು ಮುಳ್ಳುಹಂದಿಯ ಮುಳ್ಳುಗಳಿಂದ ಆದದ್ದು. ಉಳಿದವು ಮನುಷ್ಯರ ಗುಂಡಿನಿಂದ ಆದವು. ಹೊಲ ಕಾಯಲು ಇಟ್ಟುಕೊಂಡ ನಾಡಕೋವಿಯಿಂದ, ಹಂದಿಗೋ ಜಿಂಕೆಗೋ ತುಂಬಿದ ಚರೆಯಿಂದ, ರಸ್ತೆಬದಿಯಲ್ಲಿ ಕಾರಿನೊಳಗೆ ಕುಳಿತು ಹಾರಿಸಿ ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಹೊರಟುಹೋದವರ ಗುಂಡಿನಿಂದ ದವಡೆಯೋ ಮುಂಗಾಲೋ ಮುರಿದ ಪ್ರಾಣಿ, ತಿಂಗಳುಗಳ ಅನಂತರ ಯಾವುದೋ ಹಳ್ಳಿಯಲ್ಲಿ ಸೌದೆಗೆ ಹೋದ ಹೆಂಗಸಿನ ಮೇಲೆ ಎರಗುತ್ತಿತ್ತು.

ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಕೊನೆಗಾಣಿಸುವುದು ಹೊಡೆದವರ ಹೊಣೆಯೆಂಬ ನಿಯಮವನ್ನು ಆಂಡರ್ಸನ್ ಕಟ್ಟುನಿಟ್ಟಾಗಿ ಪಾಲಿಸಿದರು. ಅವರ ಬರಹಗಳಲ್ಲಿ ಅತ್ಯಂತ ಅಪಾಯಕಾರಿಯಾದ ಸನ್ನಿವೇಶಗಳು ಮರಸು ಕುಳಿತ ರಾತ್ರಿಗಳಿಗಿಂತ ಹೆಚ್ಚಾಗಿ ಅದರ ಮರುದಿನ ಬೆಳಗ್ಗೆ, ರಕ್ತದ ಜಾಡನ್ನು ಹಿಡಿದು ಲಂಟಾನ ಪೊದೆಗಳ ನಡುವೆ ನಡೆಯುವಾಗ ಒದಗುತ್ತವೆ. ಬೈರನಂಥವರ ಕೋವಿಯ ಬಗ್ಗೆ ಅವರ ನಿಲುವು ಇಬ್ಬಗೆಯದಾಗಿತ್ತು ಎಂಬುದನ್ನೂ ಹೇಳಬೇಕು. ಹೊಟ್ಟೆಪಾಡಿಗಾಗಿ ಬೇಟೆಯಾಡುವ ಬಡವರನ್ನು ಅವರು ಎಂದೂ ಕೀಳಾಗಿ ಕಾಣಲಿಲ್ಲ. ಮೋಟಾರಿನಲ್ಲಿ ಬಂದು ಮೋಜಿಗಾಗಿ ಕೊಲ್ಲುವ ಪಟ್ಟಣಿಗರ ಮೇಲೆ ಮಾತ್ರ ಅವರ ಕೋಪ ಹರಿಯುತ್ತದೆ.

ಪ್ರಮುಖ ಬೇಟೆಗಳು

1939ರಿಂದ 1966ರವರೆಗಿನ ಸರ್ಕಾರಿ ದಾಖಲೆಗಳ ಪ್ರಕಾರ ಆಂಡರ್ಸನ್ 8 ನರಭಕ್ಷಕ ಚಿರತೆಗಳನ್ನೂ (7 ಗಂಡು, 1 ಹೆಣ್ಣು) 7 ನರಭಕ್ಷಕ ಹುಲಿಗಳನ್ನೂ (5 ಗಂಡು, 2 ಹೆಣ್ಣು) ಕೊಂದಿದ್ದಾರೆ. ದಾಖಲೆಗೆ ಬಾರದವು ಇದಕ್ಕಿಂತ ಹೆಚ್ಚೆಂಬ ಮಾತು ಪ್ರಚಲಿತವಾಗಿದೆ. ಪುಂಡಾನೆಗಳನ್ನೂ ಅವರು ಹೊಡೆದಿದ್ದು, ಅವುಗಳಲ್ಲಿ ಪಾಣಪಟ್ಟಿಯ ಆನೆಯ ಕಥೆ ಅವರ ಮೊದಲ ಪುಸ್ತಕದಲ್ಲಿದೆ.

ಗುಮ್ಮಳಾಪುರದ ಚಿರತೆ ಇವುಗಳಲ್ಲಿ ಅತ್ಯಂತ ಕುಖ್ಯಾತವಾದದ್ದು. ಸುಮಾರು 250 ಚದರ ಮೈಲಿಗಳ ಪ್ರದೇಶವನ್ನು ನಡುಗಿಸಿದ ಅದು 42 ಜನರನ್ನು ಬಲಿ ತೆಗೆದುಕೊಂಡಿತೆಂದು ಆಂಡರ್ಸನ್ ದಾಖಲಿಸಿದ್ದಾರೆ. ಸೂರ್ಯ ಮುಳುಗುವ ಮೊದಲೇ ಹಳ್ಳಿಗರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನುಷ್ಯನ ರುಚಿ ಹತ್ತಿದ ಚಿರತೆ ಕಟ್ಟಿದ ಮೇಕೆಯತ್ತ ಸುಳಿಯದಿದ್ದಾಗ ಬೇಟೆಗಾರನೇ ಎರೆಯಾಗಬೇಕಾಗುತ್ತದೆ. ಆ ರಾತ್ರಿಗಳಲ್ಲಿ ಚಿರತೆಯ ಸುಳಿವನ್ನು ಅವರಿಗೆ ಮೊದಲು ಕೊಟ್ಟದ್ದು ಹಳ್ಳಿಯ ಬೀದಿನಾಯಿಯೊಂದು. ಆಂಡರ್ಸನ್ ಅದಕ್ಕೆ ನಿಪ್ಪರ್ ಎಂದು ಹೆಸರಿಟ್ಟು ಬೆಂಗಳೂರಿನ ತಮ್ಮ ಮನೆಗೆ ಕರೆತಂದು ಸಾಕಿದರು.

ಜವಳಗಿರಿಯ ನರಭಕ್ಷಕ ಒಂದು ಹೆಣ್ಣುಹುಲಿ. ಸಂಗಾತಿಯನ್ನು ಅರಸುತ್ತ ಅಲೆಯುತ್ತಿದ್ದ ಅದನ್ನು ಆಂಡರ್ಸನ್ ಗಂಡುಹುಲಿಯ ಕೂಗನ್ನು ಅನುಕರಿಸಿ ಕರೆದರು. ಕೂಗಿಗೆ ಕೂಗು ಕೊಡುತ್ತ ಹತ್ತಿರಕ್ಕೆ ಬಂದ ಹುಲಿಯನ್ನು ಎದುರಿನಿಂದ ಹೊಡೆದರು. ಈ ಬೇಟೆಯಿಂದ ಅವರಿಗೆ ಸಂತೋಷಕ್ಕಿಂತ ಖೇದವೇ ಹೆಚ್ಚಾಗಿ ಉಳಿಯಿತೆಂಬುದು ಆ ಬರಹದ ಧಾಟಿಯಿಂದ ಸ್ಪಷ್ಟವಾಗುತ್ತದೆ.

ಹಳೆಯ ಮೈಸೂರು ಸಂಸ್ಥಾನದೊಳಗೆ ಅವರ ಬೇಟೆಗಳು ಚಿತ್ರದುರ್ಗದ ಹೊಸದುರ್ಗ ಮತ್ತು ಹೊಳಲ್ಕೆರೆ, ಕಡೂರು ಸೀಮೆಯ ಎಮ್ಮೆದೊಡ್ಡಿ, ತುಮಕೂರಿನ ದೇವರಾಯನದುರ್ಗ, ಶಿವಮೊಗ್ಗದ ಚೋರಡಿ ಮತ್ತು ತ್ಯಾಗರ್ತಿಗಳವರೆಗೆ ಹರಡಿವೆ. ಬೆಂಗಳೂರಿಗೆ ಅಂಟಿಕೊಂಡಿರುವ ಜಾಲಹಳ್ಳಿಯಲ್ಲೂ ಒಂದು ಚಿರತೆಯನ್ನು ಅವರು ಎದುರಿಸಿದ್ದರು. ಅದು ನರಭಕ್ಷಕವಾಗಿರಲಿಲ್ಲ; ಜನರ ಗುಂಪಿನ ನಡುವೆ ಸಿಕ್ಕಿಬಿದ್ದು ಹಲವರನ್ನು ಗಾಯಗೊಳಿಸಿತ್ತು. ನಗರದ ಅಂಚಿನ ಬಡಾವಣೆಗಳಲ್ಲಿ ಚಿರತೆ ಕಾಣಿಸಿಕೊಂಡಾಗಲೆಲ್ಲ ಇಂದಿಗೂ ನಡೆಯುವ ಗದ್ದಲಕ್ಕೂ ಆ ಪ್ರಸಂಗಕ್ಕೂ ಹೋಲಿಕೆಯಿದೆ.

ಸಾಕುಪ್ರಾಣಿಗಳು

ಆಂಡರ್ಸನ್ ಅವರ ಮನೆಯಲ್ಲಿ ಕಾಡುಪ್ರಾಣಿಗಳು ಬೆಳೆದವು. ಬ್ರೂನೋ ಎಂಬ ಕರಡಿಮರಿ ಇವುಗಳಲ್ಲಿ ಪ್ರಸಿದ್ಧ. ಇಲಿಗೆಂದು ಇಟ್ಟಿದ್ದ ವಿಷವನ್ನು ತಿಂದು ಬದುಕಿ ಉಳಿದ, ಒಮ್ಮೆ ಎಂಜಿನ್ ಎಣ್ಣೆಯನ್ನೂ ಕುಡಿದ ಈ ಕರಡಿ ದೊಡ್ಡದಾದ ಮೇಲೆ ಅದನ್ನು ಮೈಸೂರಿನ ಮೃಗಾಲಯಕ್ಕೆ ಕಳುಹಿಸಲಾಯಿತು. ಆಂಡರ್ಸನ್ ಅವರ ಪತ್ನಿ ನೋಡಲು ಹೋದಾಗ ಅದು ಗುರುತು ಹಿಡಿದು ಹಂಬಲಿಸಿದ ಪ್ರಸಂಗ ಎನ್‌ಸಿಇಆರ್‌ಟಿಯ 9ನೆಯ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಸೇರಿತ್ತು. ಬೇಟೆಯ ಕಥೆಯೊಂದನ್ನೂ ಓದದ ಅನೇಕರು ಆಂಡರ್ಸನ್ ಅವರನ್ನು ಮೊದಲು ಬಲ್ಲದ್ದು ಈ ಪಾಠದಿಂದಲೇ.

ಕೃತಿಗಳು

ಮೊದಲ ಪುಸ್ತಕ 'ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್' 1954ರಲ್ಲಿ ಪ್ರಕಟವಾದಾಗ ಅವರಿಗೆ 44 ವರ್ಷ. ಅನಂತರ 'ಮ್ಯಾನ್-ಈಟರ್ಸ್ ಅಂಡ್ ಜಂಗಲ್ ಕಿಲ್ಲರ್ಸ್' (1957), 'ದ ಬ್ಲ್ಯಾಕ್ ಪ್ಯಾಂಥರ್ ಆಫ್ ಸಿವನಿಪಳ್ಳಿ' (1959), 'ದ ಕಾಲ್ ಆಫ್ ದ ಮ್ಯಾನ್-ಈಟರ್' (1961), 'ದಿಸ್ ಈಸ್ ದ ಜಂಗಲ್' (1964), 'ದ ಟೈಗರ್ ರೋರ್ಸ್' (1967), 'ಟೇಲ್ಸ್ ಫ್ರಮ್ ದ ಇಂಡಿಯನ್ ಜಂಗಲ್' (1970) ಬಂದವು. 'ಜಂಗಲ್ಸ್ ಲಾಂಗ್ ಅಗೊ' ಅವರ ಮರಣಾನಂತರ 1976ರಲ್ಲಿ ಹೊರಬಂತು.

ಬೇಟೆಯ ವಿವರಗಳಷ್ಟೇ ಹಳ್ಳಿಗಳ ಜೀವನ, ಬುಡಕಟ್ಟು ಜನರ ನಂಬಿಕೆಗಳು, ಗಿಡಮೂಲಿಕೆಗಳು, ಹಾವುಗಳು, ದೆವ್ವಗಳ ಕಥೆಗಳೂ ಇವುಗಳಲ್ಲಿ ಜಾಗ ಪಡೆದಿವೆ. ಅಲೌಕಿಕ ವಿಷಯಗಳಲ್ಲಿ ಅವರಿಗಿದ್ದ ಒಲವು ಕೆಲವು ಓದುಗರಿಗೆ ಹಿತವೆನಿಸಿಲ್ಲ. ಸಂಭಾಷಣೆ ಮತ್ತು ಘಟನೆಗಳನ್ನು ಕಥೆಯ ರೋಚಕತೆಗಾಗಿ ಬೆಳೆಸಿದ್ದಾರೆಂಬ ಟೀಕೆಯೂ ಇದೆ. ಕಾರ್ಬೆಟ್ ಅವರ ಸಂಯಮದ ಬರವಣಿಗೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಊರು, ಹಳ್ಳ, ಗುಡ್ಡಗಳ ಹೆಸರುಗಳನ್ನು ಅವರು ಕೊಟ್ಟಿರುವ ರೀತಿ ಎಷ್ಟು ಸ್ಪಷ್ಟವಾಗಿದೆಯೆಂದರೆ, ಅವರ ಪುಸ್ತಕಗಳನ್ನು ಹಿಡಿದುಕೊಂಡು ಆ ಸ್ಥಳಗಳನ್ನು ಹುಡುಕುತ್ತ ಹೋಗುವ ಓದುಗರು ಈಗಲೂ ಇದ್ದಾರೆ.

ಕನ್ನಡದಲ್ಲಿ ಆಂಡರ್ಸನ್

ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ ಅವರ ಬರಹಗಳನ್ನು 'ಕಾಡಿನ ಕಥೆಗಳು' ಎಂಬ ಹೆಸರಿನಲ್ಲಿ ನಾಲ್ಕು ಭಾಗಗಳಾಗಿ ಕನ್ನಡಕ್ಕೆ ತಂದರು: 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಇವು ಪದಶಃ ಅನುವಾದಗಳಲ್ಲ, ಭಾವಾನುವಾದಗಳು. ಇಲ್ಲಿನ ಬೆಳ್ಳಂದೂರು ಬೆಂಗಳೂರಿನ ಕೆರೆಯ ಬೆಳ್ಳಂದೂರಲ್ಲ, ಶಿವಮೊಗ್ಗ ಜಿಲ್ಲೆಯ ಹಳ್ಳಿ ಎಂಬುದನ್ನು ಹೊಸ ಓದುಗರು ಗಮನಿಸಬೇಕು. ಸ್ವತಃ ಬಂದೂಕು, ಮೀನುಗಾಳಗಳೊಡನೆ ಮಲೆನಾಡಿನ ಕಾಡಿನಲ್ಲಿ ತಿರುಗಿದ್ದ ತೇಜಸ್ವಿಯವರ ಕೈಯಲ್ಲಿ ಈ ಕಥೆಗಳಿಗೆ ಮರಸು, ಈಡು, ಕುರ್ಕ ಮುಂತಾದ ದೇಸಿ ಬೇಟೆಗಾರರ ಮಾತು ಸಹಜವಾಗಿ ಒದಗಿತು. ಇಂಗ್ಲಿಷಿನಲ್ಲಿದ್ದ ಕನ್ನಡ ನಾಡಿನ ಈ ಘಟನೆಗಳು ಹೀಗೆ ಕನ್ನಡಕ್ಕೆ ಮರಳಿ ಬಂದವು. ಕನ್ನಡದಲ್ಲೇ ಬರೆದ ಬೇಟೆಗಾರರ ಪೈಕಿ 'ಬೇಟೆಯ ನೆನಪುಗಳು' ಕೃತಿಯ ಕೆದಂಬಾಡಿ ಜತ್ತಪ್ಪ ರೈ ಅವರನ್ನೂ ಈ ಸಂದರ್ಭದಲ್ಲಿ ನೆನೆಯಬಹುದು.

ಕೊನೆಯ ವರ್ಷಗಳು ಮತ್ತು ನಿಧನ

ಬದುಕಿನ ಉತ್ತರಾರ್ಧದಲ್ಲಿ ಆಂಡರ್ಸನ್ ರೈಫಲಿಗಿಂತ ಕ್ಯಾಮೆರಾವನ್ನು ಹೆಚ್ಚು ನೆಚ್ಚಿಕೊಂಡರು. ಕಾಡುಗಳು ಬರಿದಾಗುತ್ತಿರುವುದನ್ನು ಕಣ್ಣಾರೆ ಕಂಡ ಅವರು ವನ್ಯಜೀವಿ ಸಂರಕ್ಷಣೆಯ ಪರವಾಗಿ ಬರೆದರು. ಅವರ ಜೀವಿತಾವಧಿಯಲ್ಲೇ ಕಾನೂನೂ ಬದಲಾಯಿತು: 1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಂತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೊಂಡಿತು, 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಅಭಯಾರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು.

1972ರಲ್ಲಿ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಪತ್ತೆಯಾಯಿತು. 1974ರ ಆಗಸ್ಟ್ 30ರಂದು, 64ನೆಯ ವಯಸ್ಸಿನಲ್ಲಿ ನಿಧನರಾದರು. ಅವರನ್ನು ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ಸಮಾಧಿ ಮಾಡಲಾಗಿದೆ. ಜವಳಗಿರಿಗೂ ಡೆಂಕಣಿಕೋಟೆಗೂ ಹೊರಟಾಗ ಅವರು ಸಾಗುತ್ತಿದ್ದ ದಾರಿಯೇ ಅದು.

ಮಗ ಡೊನಾಲ್ಡ್ ಆಂಡರ್ಸನ್ ಸಹ ಹೆಸರಾಂತ ಬೇಟೆಗಾರರಾಗಿದ್ದು ಬೆಂಗಳೂರಿನಲ್ಲಿಯೇ ಬಾಳಿ 2014ರಲ್ಲಿ ತೀರಿಕೊಂಡರು. ಅವರ ನೆನಪುಗಳು 'ದ ಲಾಸ್ಟ್ ವೈಟ್ ಹಂಟರ್' ಎಂಬ ಹೆಸರಿನಲ್ಲಿ 2018ರಲ್ಲಿ ಪ್ರಕಟವಾದವು. ಮೇಲಗಿರಿ ಬೆಟ್ಟಗಳ ಕಾಡುಗಳ ರಕ್ಷಣೆಗಾಗಿ ಹೊಸೂರಿನ ಕಡೆ ಕೆಲಸ ಮಾಡುತ್ತಿರುವ ಕೆನೆತ್ ಆಂಡರ್ಸನ್ ನೇಚರ್ ಸೊಸೈಟಿಗೆ ಅವರ ಹೆಸರನ್ನಿಡಲಾಗಿದೆ. ಡೆಂಕಣಿಕೋಟೆ, ಅಂಚೆಟ್ಟಿಗಳ ಸುತ್ತಲಿನ ಅರಣ್ಯವನ್ನು ತಮಿಳುನಾಡು ಸರ್ಕಾರ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಿತು.